ರಂಗನತಿಟ್ಟು: ರೆಕ್ಕೆಗಿಂತ ಮೊದಲು ಕೊಕ್ಕು ನೋಡಿ

ಶ್ರೀರಂಗಪಟ್ಟಣದ ಪಕ್ಕದಲ್ಲೇ ಇರೋ ರಂಗನತಿಟ್ಟು ಇದು. ಕಾವೇರಿಗೆ 1640ರ ದಶಕದಲ್ಲಿ ಕಟ್ಟೆ ಕಟ್ಟಿದಾಗ ಉಂಟಾದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು.

ದೋಣಿ ಹತ್ತಿದ ಕೂಡಲೇ ಎಲ್ಲರ ಕಣ್ಣೂ ಹಾರುವ ಹಕ್ಕಿಯ ಮೇಲೆ. ಸ್ವಲ್ಪ ಹೊತ್ತು ಕೊಕ್ಕುಗಳನ್ನು ನೋಡಿ. ಒಂದೇ ಹೊಳೆಯಲ್ಲಿ ಇಷ್ಟು ಬಗೆಯ ಹಕ್ಕಿಗಳು ಹೊಟ್ಟೆ ತುಂಬಿಸಿಕೊಳ್ಳುವ ಗುಟ್ಟು ಅಲ್ಲಿದೆ.

ಇಗೋ, ಬಣ್ಣದ ಕೊಕ್ಕರೆ. ಇದು ಮೀನನ್ನು ಕಣ್ಣಿಂದ ಹುಡುಕುವುದಕ್ಕಿಂತ ಕೊಕ್ಕಿನಿಂದ ತಡಕುವುದೇ ಹೆಚ್ಚು. ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ, ಕಾಲಿನಿಂದ ಕೆಸರು ಕದಡುತ್ತಾ ನಡೆಯುತ್ತದೆ. ಮೀನು ತಾಗಿತೋ, ಪಟ್ಟನೆ ಕೊಕ್ಕು ಮುಚ್ಚುತ್ತದೆ. ನೀರು ರಾಡಿಯಾಗಿದ್ದರೂ ಪರವಾಗಿಲ್ಲ, ಆಳವಾದರೆ ಮಾತ್ರ ಕಷ್ಟ. ಚಮಚ ಕೊಕ್ಕಿನ ಹಕ್ಕಿಯೂ ತಡಕಿಯೇ ತಿನ್ನುತ್ತದೆ, ಆದರೆ ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ.

ನನಗೆ ಎಲ್ಲಕ್ಕಿಂತ ಸೊಗಸು ಬಾಯ್ಕಳಕ ಕೊಕ್ಕರೆಯ ಕೆಲಸ. ಕೊಕ್ಕು ಮುಚ್ಚಿದರೂ ನಡುವೆ ಸಂದು ಕಾಣುತ್ತದೆ. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಬಸವನಹುಳು ಸಿಕ್ಕರೆ ಮೇಲ್ಕೊಕ್ಕಿನಿಂದ ಅದನ್ನು ಒತ್ತಿ ಹಿಡಿದು, ಕೆಳಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನ ಮುಚ್ಚಳದಡಿ ತೂರಿಸುತ್ತದೆ. ಹುಳುವನ್ನು ಚಿಪ್ಪಿಗೆ ಹಿಡಿದಿಟ್ಟ ಸ್ನಾಯು ಕತ್ತರಿಸಿ ಮಾಂಸ ಎಳೆದುಕೊಳ್ಳುತ್ತದೆ. ಚಿಪ್ಪು ಬಹುತೇಕ ಒಡೆಯುವುದೇ ಇಲ್ಲ!

ಈಗ ಕೊಕ್ಕರೆಗಳ ಗೂಡಿನ ಕಡೆ ಬನ್ನಿ. ಬಿಸಿಲೇರಿದಾಗ ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳಾಗುತ್ತದೆ. ಗಂಟಲಲ್ಲಿ ನೀರು ತಂದು ಮರಿಗಳ ಮೇಲೆ ಸುರಿಯುವುದೂ ಉಂಟು. ದೋಣಿ ತೀರಾ ಹತ್ತಿರ ಹೋದರೆ, ಜನ ಕೂಗಿದರೆ, ಅದು ಎದ್ದುಬಿಡುತ್ತದೆ. ಆಗ ಬೋಳು ಮರಿಗಳು ಸುಡುಬಿಸಿಲಿಗೆ, ಕಾಗೆಗಳಿಗೆ ಸಿಗುತ್ತವೆ. ದಯವಿಟ್ಟು 'ಇನ್ನೂ ಹತ್ತಿರ ಹೋಗಣ್ಣ' ಅಂತ ದೋಣಿಯವರನ್ನು ಒತ್ತಾಯಿಸಬೇಡಿ. ಎಂಟು ಪಟ್ಟು ಹತ್ತಿರ ತೋರಿಸುವ 8×42 ಬೈನಾಕ್ಯುಲರ್ ಸಾಕು.

ಕ್ಯಾಮೆರಾ ಇದ್ದವರಿಗೆ: ಹಾರುವ ಹಕ್ಕಿಗೆ ಶಟರ್ 1/2000 ಸೆಕೆಂಡಿಗೆ ಇಡಿ, ದೋಣಿಯ ಓಲಾಟಕ್ಕೂ ಅದೇ ಪರಿಹಾರ. ಕಪ್ಪು ಎಲೆಗಳ ಮುಂದೆ ಬಿಳಿ ಹಕ್ಕಿ ಕೂತಾಗ ಕ್ಯಾಮೆರಾ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ, ಗರಿಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿ.

ಬಂಡೆಯ ಮೇಲೆ ಹಳದಿ ಕೊಕ್ಕು, ಕವಲು ಬಾಲದ ಹಕ್ಕಿ ಕಂಡರೆ ಅದು ನದಿ ರೀವ. ಗೂಡು ಕಟ್ಟದೆ ಬರಿಯ ಬಂಡೆ, ಮರಳಿನ ಮೇಲೇ ಮೊಟ್ಟೆಯಿಡುತ್ತದೆ. ಹೊಳೆ ಏಕಾಏಕಿ ಏರಿದರೆ ಮೊದಲು ಕೊಚ್ಚಿಹೋಗುವುದು ಇದರ ಸಂಸಾರವೇ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ವಿಹಾರವನ್ನೂ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.