ಕಂಪನಿ ಹೆಸರಿನ ಪಹಣಿ: ನಾವು ಗಮನಿಸದೇ ಬಿಟ್ಟ ಭೂಮಿ ಕಾನೂನು

ನಮಸ್ಕಾರ. 2020ರ ಡಿಸೆಂಬರ್ 8 ನೆನಪಿದೆಯಾ? ಕೇಂದ್ರದ ಮೂರು ಕೃಷಿ ಕಾಯ್ದೆಗಳ ವಿರುದ್ಧ ಅವತ್ತು ಭಾರತ್ ಬಂದ್. ಟಿವಿ ಹಾಕಿದರೆ ದೆಹಲಿ ಗಡಿ, ಟ್ರ್ಯಾಕ್ಟರ್‌ಗಳ ಸಾಲು, ಪಂಜಾಬಿನ ರೈತರು. ಅದೇ ದಿನ ಬೆಂಗಳೂರಿನಲ್ಲಿ, ನಮ್ಮ ವಿಧಾನ ಪರಿಷತ್ತಿನಲ್ಲಿ, ಕರ್ನಾಟಕ ಭೂಸುಧಾರಣೆ ತಿದ್ದುಪಡಿ ಮಸೂದೆ ಪಾಸಾಯಿತು. ಮರುವರ್ಷ ನವೆಂಬರ್‌ನಲ್ಲಿ ಕೇಂದ್ರ ತನ್ನ ಮೂರೂ ಕಾಯ್ದೆಗಳನ್ನು ವಾಪಸ್ ತೆಗೆದುಕೊಂಡಿತು. ನಮ್ಮದು ಉಳಿದುಕೊಂಡಿತು. 2023ರಲ್ಲಿ ಸರ್ಕಾರವೇ ಬದಲಾಯಿತು. ವಿರೋಧ ಪಕ್ಷದಲ್ಲಿ ಕೂತು ಇದನ್ನು ವಿರೋಧಿಸಿದ್ದವರೇ ಅಧಿಕಾರಕ್ಕೆ ಬಂದರು. ಆದರೂ ಈ ತಿದ್ದುಪಡಿ ಕಿತ್ತುಹಾಕಿದ, ಕಂಪನಿಗಳು ಕೃಷಿ ಭೂಮಿ ಇಟ್ಟುಕೊಳ್ಳದಂತೆ ತಡೆಯುತ್ತಿದ್ದ 79ಬಿ ಕಲಂ ಮತ್ತೆ ಪುಸ್ತಕಕ್ಕೆ ಬರಲಿಲ್ಲ.

ಇದು ಯಾಕೆ ನಮ್ಮ ತಲೆನೋವು ಅಂದರೆ, ಭೂಮಿ ರಾಜ್ಯದ ವಿಷಯ. ಸಂವಿಧಾನದ ಏಳನೇ ಅನುಸೂಚಿ, ರಾಜ್ಯ ಪಟ್ಟಿ, 18ನೇ ನಮೂದು. ಹೊಲ ಯಾರು ಕೊಳ್ಳಬಹುದು, ಎಷ್ಟು ಇಟ್ಟುಕೊಳ್ಳಬಹುದು, ಗುತ್ತಿಗೆಗೆ ಕೊಡಬಹುದಾ, ಇದೆಲ್ಲ ಆಯಾ ವಿಧಾನಸಭೆಯ ಕೈಲಿ. ಹಾಗಾಗಿಯೇ ಹಿಮಾಚಲದಲ್ಲಿ ಅಲ್ಲಿಯ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವಂತಿಲ್ಲ. ಮಹಾರಾಷ್ಟ್ರದಲ್ಲಿ ಹೊಲ ಕೊಳ್ಳಲು ಕೃಷಿಕ ಅನ್ನೋದಕ್ಕೆ ದಾಖಲೆ ಬೇಕು. ತಮಿಳುನಾಡಿನಲ್ಲಿ ಅಂಥ ಷರತ್ತಿಲ್ಲ. ಒಂದೇ ದೇಶ, ಆದರೆ ಹೊಲದ ಬದು ದಾಟಿದರೆ ಕಾನೂನು ಬೇರೆ. ನಾವು ಮಾತ್ರ ದೆಹಲಿಯ ಸುದ್ದಿಯನ್ನೇ ಜಾಸ್ತಿ ನೋಡುತ್ತೇವೆ.

ಹಿಂದಕ್ಕೆ ಹೋಗೋಣ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯೂ ಆ ಜಗಳದಲ್ಲಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿಂದ ಎರಡು ದಶಕ ದಾಟಿದ ಮೇಲೆ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಭೂಸುಧಾರಣೆ ಕಾಯ್ದೆಗೆ ನಿಜವಾದ ಹಲ್ಲು ಬಂತು. 1974ರ ಮಾರ್ಚ್ 1ರಿಂದ ಗೇಣಿ ರದ್ದು. ಗೇಣಿದಾರ ಹೊಲದ ಒಡೆತನ ಕೇಳಿ ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಮೊದಲ ವರ್ಷಗಳಲ್ಲಿ ಆ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ದೊಡ್ಡ ವಕೀಲರನ್ನು ಇಡುವ ಶಕ್ತಿ ಒಡೆಯನಿಗಿತ್ತು, ಗೇಣಿದಾರನಿಗೆ ಇರಲಿಲ್ಲ. ಕಾನೂನು ಬರೆದವರಿಗೆ ಹಳ್ಳಿ ಗೊತ್ತಿತ್ತು ಅನ್ನೋದಕ್ಕೆ ನನಗೆ ಇದೇ ಸಾಕ್ಷಿ.

ನಿಮ್ಮ ಮನೆಯಲ್ಲಿ ಪಹಣಿ ಇದ್ದರೆ ತೆಗೆದು ನೋಡಿ. ಕಾಲಂ 9ರಲ್ಲಿ ಮಾಲೀಕರ ಹೆಸರು. ಕಾಲಂ 12ರಲ್ಲಿ ಸಾಗುವಳಿದಾರರ ಹೆಸರು, ಬೆಳೆ. 74ರ ಕಾನೂನು ಮಾಡಿದ ಕೆಲಸವನ್ನು ಎರಡೇ ಮಾತಲ್ಲಿ ಹೇಳಬಹುದು: ಹನ್ನೆರಡರಲ್ಲಿದ್ದವರನ್ನು ಒಂಬತ್ತಕ್ಕೆ ತಂದಿತು. ಎಷ್ಟೋ ಕೇಸು ನಿಂತದ್ದು ಈ ಹನ್ನೆರಡನೇ ಕಾಲಂನಲ್ಲಿ ಹೆಸರಿದೆಯೋ ಇಲ್ಲವೋ ಅನ್ನೋದರ ಮೇಲೆ. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ಆಮೇಲೆಯೇ.

ಹಾಗೆ ಬಂದ ಭೂಮಿ ಮತ್ತೆ ದುಡ್ಡಿದ್ದವರ ಕೈಗೆ ಹೋಗಬಾರದು ಅಂತ ಎರಡು ಬೇಲಿ ಹಾಕಿದ್ದರು. ಬೇರೆ ಆದಾಯ ಒಂದು ಮಿತಿ ದಾಟಿದವರು ಹೊಲ ಕೊಳ್ಳುವಂತಿಲ್ಲ, ಅದು 79ಎ. ಕಂಪನಿ, ಟ್ರಸ್ಟ್, ಸಂಘಸಂಸ್ಥೆಗಳು ಕೃಷಿ ಭೂಮಿ ಇಟ್ಟುಕೊಳ್ಳುವಂತಿಲ್ಲ, ಅದು 79ಬಿ. 2020ರಲ್ಲಿ ಎರಡನ್ನೂ ಕಿತ್ತರು. ಅದೂ ಹೇಗೆ? 1974ರಿಂದಲೇ ಇರಲಿಲ್ಲ ಅನ್ನುವ ಹಾಗೆ, ಬಾಕಿ ಕೇಸುಗಳೆಲ್ಲ ಬಿದ್ದುಹೋಗುವ ಹಾಗೆ. ಕಾನೂನು ಮುರಿದು ಜಮೀನು ಮಾಡಿಕೊಂಡವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಾ?

ಸರ್ಕಾರ ಕೊಟ್ಟ ಕಾರಣದಲ್ಲಿ ಸತ್ಯ ಇರಲೇ ಇಲ್ಲ ಅಂತ ನಾನು ಹೇಳಲ್ಲ. 79ಎ ಲಂಚದ ಗಣಿಯಾಗಿತ್ತು. ಊರಿಗೆ ವಾಪಸ್ ಬಂದು ಎರಡೆಕರೆ ತೋಟ ಮಾಡಬೇಕು ಅಂದುಕೊಂಡ ಮೇಷ್ಟ್ರ ಮಗನಿಗೆ ನೋಟಿಸು, ಓಡಾಟ. ದುಡ್ಡಿದ್ದವನಿಗೆ ಬೇನಾಮಿ ದಾರಿ. ಆದಾಯದ ಮಿತಿಯೇ 12 ಸಾವಿರದಿಂದ ಏರುತ್ತಾ ಏರುತ್ತಾ 2015ರ ಹೊತ್ತಿಗೆ 25 ಲಕ್ಷ ಆಗಿತ್ತು. ಇನ್ನು ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಜಮೀನು ಮಾರಲೇಬೇಕಾದ ರೈತನಿಗೆ ಕೊಳ್ಳುವವರು ನಾಲ್ಕು ಜನ ಜಾಸ್ತಿ ಇದ್ದರೆ ಬೆಲೆ ಸಿಗುತ್ತದೆ, ಅದೂ ನಿಜ. ಹಾಗಾಗಿ 79ಎ ಹೋಗಿದ್ದಕ್ಕೆ ನಾನು ಅಳುವುದಿಲ್ಲ.

ನನ್ನ ಸಿಟ್ಟು 79ಬಿ ಬಗ್ಗೆ. ಮನುಷ್ಯ ಬೇರೆ, ಕಂಪನಿ ಬೇರೆ. ಎಷ್ಟು ಜಮೀನು ಇಟ್ಟುಕೊಳ್ಳಬಹುದು ಅನ್ನುವ ಭೂಮಿತಿ ಇನ್ನೂ ಕಾಯ್ದೆಯಲ್ಲಿದೆ: ಸಾಮಾನ್ಯವಾಗಿ ಒಂದು ಕುಟುಂಬಕ್ಕೆ 10 ಯೂನಿಟ್ (ಜಮೀನಿನ ಗುಣ ನೋಡಿ ಎಕರೆ ಬದಲಾಗುವ ಅಳತೆ), ಮಳೆ ನಂಬಿದ ಖುಷ್ಕಿಯಾದರೆ 54 ಎಕರೆ. ಐದು ಜನರ ಕುಟುಂಬಕ್ಕೆ ಈ ಲೆಕ್ಕ ಒಂದೇ. ಆದರೆ ಒಬ್ಬನೇ ಮನುಷ್ಯ ಹತ್ತು ಕಂಪನಿ ತೆರೆದರೆ? ಒಂದೊಂದು ಕಂಪನಿಯೂ ಕಾನೂನಿನ ಕಣ್ಣಿಗೆ ಬೇರೆ ಬೇರೆ ವ್ಯಕ್ತಿ. ಒಬ್ಬನ ಹಿಡಿತದಲ್ಲಿ ಹತ್ತು ಮಿತಿ! 2015-16ರ ಕೃಷಿ ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಯೂ ಇಲ್ಲ. ಈ ಸಣ್ಣ ರೈತನನ್ನೂ ಆ ಹತ್ತು ಕಂಪನಿಯವನನ್ನೂ ಒಂದೇ ಸಂತೆಯಲ್ಲಿ ನಿಲ್ಲಿಸಿ ಪೈಪೋಟಿ ಮಾಡಿ ಅನ್ನುವುದು ಯಾವ ನ್ಯಾಯ?

ಹಾಗೆ ಕೊಂಡ ಭೂಮಿಯನ್ನು ಉಳುವವರು ಯಾರು? ಮಾರಿದ ರೈತನೇ ಕೂಲಿಗೆ ಬರಬಹುದು. ಇಲ್ಲ, ಪಕ್ಕದ ಊರಿನವರು ಬಾಯಿಮಾತಿನ ಗುತ್ತಿಗೆಯಲ್ಲಿ ಸಾಗುವಳಿ ಮಾಡಿಕೊಳ್ಳಬಹುದು. ಹಳೇ ಮೈಸೂರಲ್ಲಿ ಕೋರು ಅಂತಾರೆ, ಉತ್ತರ ಕರ್ನಾಟಕದಲ್ಲಿ ಲಾವಣಿ. ಕಾಗದದಲ್ಲಿ ಇದು ಇಲ್ಲ, ಯಾಕೆಂದರೆ ಕೃಷಿ ಭೂಮಿ ಗುತ್ತಿಗೆಗೆ ಕೊಡುವುದನ್ನೇ ನಮ್ಮ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಕೋರಿಗೆ ಮಾಡುವ ಹೆಣ್ಣುಮಗಳ ಹೆಸರಲ್ಲಿ ಬ್ಯಾಂಕ್ ಬೆಳೆಸಾಲ ಸಿಗುವುದು ಕಷ್ಟ. ಆಲಿಕಲ್ಲು ಬಿದ್ದು ಬೆಳೆ ಹೋದರೆ ಪರಿಹಾರದ ದುಡ್ಡು ಹೋಗುವುದು ಮಾಲೀಕನ ಖಾತೆಗೆ. ಹೊಲದಲ್ಲಿ ಬೆವರು ಸುರಿಸಿದವಳು ಕಾಲಂ 9ರಲ್ಲೂ ಇಲ್ಲ, 12ರಲ್ಲೂ ಇಲ್ಲ. 74ಕ್ಕಿಂತ ಮುಂಚೆ ಹನ್ನೆರಡರಲ್ಲಾದರೂ ಹೆಸರು ಇರುವ ಅವಕಾಶ ಇತ್ತು.

ದೇವನಹಳ್ಳಿಯನ್ನು ನೋಡಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಕೈಗಾರಿಕೆಗಾಗಿ ಜಮೀನು ಸ್ವಾಧೀನ ಮಾಡುವ ರಾಜ್ಯದ ಮಂಡಳಿ ಕೆಐಎಡಿಬಿಯ ನೋಟಿಸು ಬಂತು, 1966ರ ನಮ್ಮದೇ ರಾಜ್ಯದ ಕಾಯ್ದೆಯ ಅಡಿಯಲ್ಲಿ. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುತ್ತೇವೆ ಅಂತ ಮುಖ್ಯಮಂತ್ರಿ ಹೇಳಬೇಕಾಯಿತು. ಅಷ್ಟು ದಿನ ಕೂರಲು ಸಾಧ್ಯವಾಗಿದ್ದು ಹೇಗೆ? ಪಹಣಿಯಲ್ಲಿ ಅವರ ಹೆಸರಿತ್ತು, ಹೊಲದಲ್ಲಿ ಅವರ ರಾಗಿ, ದ್ರಾಕ್ಷಿ ಇತ್ತು. ಆ ಜಮೀನು ಆಗಲೇ ಕಂಪನಿಗಳ ಹೆಸರಿಗೆ ಹೋಗಿದ್ದರೆ ನೋಟಿಸು ಒಂದು ಆಫೀಸಿನಿಂದ ಇನ್ನೊಂದು ಆಫೀಸಿಗೆ ಹೋಗುತ್ತಿತ್ತು, ಅಷ್ಟೇ. ಧರಣಿ ಕೂರುವವರು ಯಾರು?

ಹಳೇ ಕಾಯ್ದೆಯನ್ನು ಹಾಗೇ ತನ್ನಿ ಅಂತ ನಾನು ಕೇಳುತ್ತಿಲ್ಲ. 79ಬಿ ಮಾತ್ರ ವಾಪಸ್ ಬರಲಿ. ರೈತರೇ ಸೇರಿ ಮಾಡಿಕೊಂಡ ಸಹಕಾರ ಸಂಘ, ರೈತ ಉತ್ಪಾದಕ ಕಂಪನಿಗಳಿಗೆ ವಿನಾಯಿತಿ ಇರಲಿ. ಕಂಪನಿಗಳ ಹಿಂದಿರುವ ಮಾಲೀಕ ಒಬ್ಬನೇ ಆಗಿದ್ದರೆ ಭೂಮಿತಿಯೂ ಒಂದೇ ಅಂತ ಬರೆಯಲಿ. ಕೋರಿಗೆ, ಲಾವಣಿಗೆ ಮಾಡುವವರ ಹೆಸರನ್ನು ಮಾಲೀಕತ್ವದ ತಕರಾರು ಇಲ್ಲದೆ ದಾಖಲಿಸುವ ದಾರಿ ಮಾಡಲಿ. ಇದಕ್ಕೆ ದೆಹಲಿಗೆ ಹೋಗಿ ಪಾರ್ಲಿಮೆಂಟಿನ ಬಾಗಿಲು ತಟ್ಟಬೇಕಿಲ್ಲ. ನಿಮ್ಮ ಎಂಎಲ್ಎ ಮುಂದಿನ ಸಲ ಊರಿಗೆ ಬಂದಾಗ, ರಸ್ತೆ, ಚರಂಡಿ ಕೇಳಿದ ಮೇಲೆ ಇದನ್ನೂ ಕೇಳಿ: 79ಬಿ ಬಗ್ಗೆ ಸದನದಲ್ಲಿ ನೀವು ಯಾವ ಕಡೆ ಕೈ ಎತ್ತುತ್ತೀರಿ?