ಬ್ರಾಂಕ್ಸ್‌ನ ಬಿಗ್ ಪನ್

ಕೇಳುಗರಿಗೆ ನಮಸ್ಕಾರ.

ರೇಡಿಯೋದಲ್ಲಿ ಮಾತಾಡುವವರು ಉಸಿರು ಎಲ್ಲಿ ತಗೊಳ್ಳಬೇಕು ಅಂತ ಹಾಳೆಯ ಮೇಲೆ ಗೀಟು ಹಾಕಿಕೊಳ್ಳುತ್ತೇವೆ. ನನ್ನ ಎದುರಿನ ಹಾಳೆಯಲ್ಲೂ ಅಂಥ ಗೀಟುಗಳು ಬೇಕಾದಷ್ಟಿವೆ. ಇವತ್ತು ನಾನು ಹೇಳಲಿರುವ ಮನುಷ್ಯ ಮಾತ್ರ, ನಾವು ನಾಲ್ಕು ಸಲ ಉಸಿರು ಎಳೆದುಕೊಳ್ಳುವಷ್ಟು ಮಾತನ್ನು ಒಂದೇ ಏಟಿಗೆ ಹೇಳಿ ಮುಗಿಸುತ್ತಿದ್ದ. ಹೆಸರು ಕ್ರಿಸ್ಟೋಫರ್ ರಿಯೋಸ್, ಅಮೆರಿಕದ ರ‍್ಯಾಪರ್, ಅಂದರೆ ತಾಳಕ್ಕೆ ತಕ್ಕಂತೆ ಪ್ರಾಸದ ಮಾತು ಹೇಳುವವನು. ಜನ ಕರೆದದ್ದು ಬಿಗ್ ಪನಿಶರ್, ಚಿಕ್ಕದಾಗಿ ಬಿಗ್ ಪನ್.

ಆತ ಹುಟ್ಟಿದ್ದು 1971ರ ನವೆಂಬರ್ 10ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. ಮನೆಯವರು ಕೆರಿಬಿಯನ್ ದ್ವೀಪ ಪೋರ್ಟೊರಿಕೊ ಮೂಲದವರು. ರ‍್ಯಾಪ್, ಬ್ರೇಕ್ ಡ್ಯಾನ್ಸ್ ಎಲ್ಲ ಸೇರಿದ ಹಿಪ್‌ಹಾಪ್ ಹುಟ್ಟಿದ್ದೂ ಇದೇ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್‌ನಲ್ಲಿ ಸೆಜ್‌ವಿಕ್ ಅವೆನ್ಯೂದ ಒಂದು ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯಿಂದ ಅದರ ಕತೆ ಶುರುವಾಗುತ್ತದೆ ಅಂತಾರೆ. ಪೋರ್ಟೊರಿಕನ್ ಹುಡುಗರು ಮೊದಮೊದಲಿನಿಂದಲೂ ಅಲ್ಲಿದ್ದರು. ಬ್ರೇಕ್ ಡ್ಯಾನ್ಸ್‌ನಲ್ಲಿ ರಾಕ್ ಸ್ಟೆಡಿ ಕ್ರೂನ ಕ್ರೇಜಿ ಲೆಗ್ಸ್ ಇದ್ದ, ರೆಕಾರ್ಡ್ ತಿರುಗಿಸುವುದಕ್ಕೆ ಕೋಲ್ಡ್ ಕ್ರಷ್ ಬ್ರದರ್ಸ್‌ನ ಚಾರ್ಲಿ ಚೇಸ್ ಇದ್ದ. ಆದರೂ ಮೈಕ್ ಹಿಡಿದ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಹುಡುಗನನ್ನು ಜನ ಹೊರಗಿನವನ ಹಾಗೆ ನೋಡಿದರು. ಇದು ವಿಚಿತ್ರ ಅಲ್ವಾ? ಕುಣಿಯುವಾಗ ನಮ್ಮವನು, ಮಾತಾಡಲು ನಿಂತರೆ ಪರಕೀಯ.

ಪನ್‌ಗಿಂತ ಮುಂಚೆ ದಾರಿ ಮಾಡಿದವರು ಇದ್ದರು. 1990ರಲ್ಲಿ ಕಿಡ್ ಫ್ರಾಸ್ಟ್, ಮೆಲೊ ಮ್ಯಾನ್ ಏಸ್ ಸ್ಪ್ಯಾನಿಷ್ ಬೆರೆಸಿ ಹಾಡಿ ಗೆದ್ದರು. ಆಮೇಲೆ ಸೈಪ್ರೆಸ್ ಹಿಲ್ ಬಂತು. ಆದರೆ ಅದು ತಂಡ. ಒಬ್ಬನೇ ನಿಂತು ಗೆಲ್ಲುವ ಲ್ಯಾಟಿನೊ ರ‍್ಯಾಪರ್‌ಗಾಗಿ ಇನ್ನೂ ಕಾಯಬೇಕಿತ್ತು.

ಪನ್‌ನ ಬಾಲ್ಯ ಸುಖದ್ದಲ್ಲ. ಹದಿಹರೆಯದಲ್ಲೇ ಮನೆ ಬಿಟ್ಟ. ಕೆಲಕಾಲ ತಲೆ ಮೇಲೆ ಸೂರೂ ಇರಲಿಲ್ಲ. ಆಗ ಬಾಸ್ಕೆಟ್‌ಬಾಲ್ ಆಡುತ್ತಿದ್ದ, ಬಾಕ್ಸಿಂಗ್ ಕಲಿತಿದ್ದ ಗಟ್ಟಿ ಹುಡುಗ. ಮೈ ದಪ್ಪವಾಗತೊಡಗಿದ್ದು ಆಮೇಲೆ. ಕ್ಯೂಬನ್ ಲಿಂಕ್, ಟ್ರಿಪಲ್ ಸೇಸ್ ಎಂಬ ಗೆಳೆಯರ ಜೊತೆ ಗುಂಪು ಕಟ್ಟಿ ಪ್ರಾಸ ಜೋಡಿಸುತ್ತಿದ್ದ. ಬ್ರಾಂಕ್ಸ್‌ನವನೇ ಆದ ರ‍್ಯಾಪರ್ ಫ್ಯಾಟ್ ಜೋ ಕಣ್ಣಿಗೆ ಬಿದ್ದ ಮೇಲೆ ದಿಕ್ಕು ಬದಲಾಯಿತು. 1995ರಲ್ಲಿ ಜೋನ ಆಲ್ಬಮ್‌ನಲ್ಲಿ ಪನ್‌ನ ಧ್ವನಿ ಕೇಳಿಸಿತು.

1998ರ ಏಪ್ರಿಲ್‌ನಲ್ಲಿ ಬಂತು ಪನ್‌ನ ಮೊದಲ ಆಲ್ಬಮ್ 'ಕ್ಯಾಪಿಟಲ್ ಪನಿಶ್‌ಮೆಂಟ್'. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಐದನೇ ಸ್ಥಾನ. ಹತ್ತು ಲಕ್ಷ ಪ್ರತಿಗಳ ಗಡಿ ದಾಟಿ ಪ್ಲಾಟಿನಂ ಆಯಿತು. ಒಬ್ಬನೇ ಹಾಡುವ ಲ್ಯಾಟಿನೊ ರ‍್ಯಾಪರ್‌ಗೆ ಅದು ಸಿಕ್ಕಿದ್ದು ಅದೇ ಮೊದಲು. ಗ್ರ್ಯಾಮಿಗೂ ಹೆಸರು ಹೋಯಿತು, ಪ್ರಶಸ್ತಿ ಜೇ-ಝಡ್ ಪಾಲಾಯಿತು.

ಪ್ಲಾಟಿನಂ ವಿಷಯ ಬಿಡಿ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಆಲ್ಬಮ್‌ನ 'ಟ್ವಿನ್ಸ್' ಅನ್ನುವ ಹಾಡು. ಅದರಲ್ಲಿ ಪನ್, ಲಿಟಲ್ ಇಟಲಿ ಎಂಬ ಕೇರಿಯ ಹೆಸರನ್ನು ಹಿಡಿದುಕೊಂಡು ಅದೇ ಸದ್ದಿನ ಮಾತುಗಳನ್ನು ಒಂದರ ಬೆನ್ನಿಗೊಂದು ಅಟ್ಟುತ್ತಾನೆ. ನಾಲಿಗೆ ಹಲ್ಲಿನ ಹಿಂದೆ ತಟತಟ ಬಡಿಯುತ್ತದೆ. ಆದರೆ ಒಂದಕ್ಷರವೂ ಕಲಸಿಹೋಗುವುದಿಲ್ಲ. ಪ್ರಾಸ ಸಾಲಿನ ಕೊನೆಗಷ್ಟೇ ಬರಬೇಕು ಅಂತ ಆತ ಕಾಯುವುದಿಲ್ಲ. ಸಾಲಿನ ಆದಿಗೂ ಪ್ರಾಸ ಇಡುವ ಪದ್ಯ ಕೇಳಿ ಬೆಳೆದ ಕನ್ನಡದ ಕಿವಿಗೆ ಈ ಆಟ ಬೇಗ ಹಿಡಿಸುತ್ತದೆ. ಇಷ್ಟೆಲ್ಲ ಮಾಡಿದ್ದು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಮೈ. ವೇದಿಕೆಯ ಮೇಲೆ ಎದೆ ಸೋಲುತ್ತಿತ್ತು, ಆದರೆ ಸ್ಟುಡಿಯೋದಲ್ಲಿ ಆತ ಉಸಿರಿನ ಯಜಮಾನ.

ಹುಡುಗಿಯರನ್ನು ಸೆಳೆದದ್ದು ಮಾತ್ರ ಬೇರೆ ಹಾಡು. ಜೋ ಎಂಬ ಇನ್ನೊಬ್ಬ ಗಾಯಕನ ಜೊತೆ ಹಾಡಿದ 'ಸ್ಟಿಲ್ ನಾಟ್ ಎ ಪ್ಲೇಯರ್'. ಸುಮ್ನೆ ಕುಣಿಯುವುದಕ್ಕೆ ಚೆನ್ನಾಗಿದೆ, ಅಷ್ಟೇ. ಬ್ರಾಂಕ್ಸ್‌ನವರೇ ಆದ ಜೆನ್ನಿಫರ್ ಲೋಪೆಜ್ ಹಾಡಿನಲ್ಲೂ ಆತನ ಧ್ವನಿ ಇದೆ.

ಆತನ ಬಗ್ಗೆ ಮುಚ್ಚಿಡಬಾರದ ಮಾತೂ ಒಂದಿದೆ. ಪನ್ ಹೆಂಡತಿಯ ಮೇಲೆ ಕೈ ಮಾಡುತ್ತಿದ್ದ. ಆತ ಹೋದ ಮೇಲೆ ಬಂದ ಸಾಕ್ಷ್ಯಚಿತ್ರದಲ್ಲಿ ಆಕೆ ಅದನ್ನು ಜಗತ್ತಿನ ಮುಂದಿಟ್ಟರು. ಅಭಿಮಾನಿಗಳು ಇದನ್ನು ಪಕ್ಕಕ್ಕೆ ಸರಿಸಿ ಹಾಡು ಕೇಳುತ್ತಾರೆ. ನನಗೆ ಹಾಗೆ ಸರಿಸಲು ಆಗುವುದಿಲ್ಲ. ಪ್ರತಿಭೆ ದೊಡ್ಡದು ಅಂತ ಹೊಡೆತ ಚಿಕ್ಕದಾಗುವುದಿಲ್ಲ.

ತೂಕ ಇಳಿಸಲು ಗೆಳೆಯರು ಒತ್ತಾಯಿಸಿದರು. ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ಕಾರ್ಯಕ್ರಮಕ್ಕೆ ಸೇರಿ ಸುಮಾರು 36 ಕಿಲೋ ಇಳಿಸಿದ. ಮುಗಿಯುವ ಮುಂಚೆಯೇ ಬಿಟ್ಟು ಬಂದ. ಇಳಿದದ್ದು ಮತ್ತೆ ಏರಿತು. 2000ದ ಫೆಬ್ರವರಿ 7ರಂದು ನ್ಯೂಯಾರ್ಕ್ ಹತ್ತಿರದ ವೈಟ್ ಪ್ಲೇನ್ಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡ. ಆಗ ತೂಕ 698 ಪೌಂಡ್, ಅಂದರೆ 316 ಕಿಲೋಗೂ ಜಾಸ್ತಿ. ವಯಸ್ಸು 28. ಎರಡನೇ ಆಲ್ಬಮ್ 'ಯೆಆ ಬೇಬಿ' ಎರಡು ತಿಂಗಳ ನಂತರ ಬಂದು ಮೂರನೇ ಸ್ಥಾನಕ್ಕೇರಿತು.

ಫ್ಯಾಟ್ ಜೋ ಮುಂದೆ ತಾನೂ ತೂಕ ಇಳಿಸಿದ. ಪನ್ ಇದ್ದ ಟೆರರ್ ಸ್ಕ್ವಾಡ್ ತಂಡ 2004ರಲ್ಲಿ 'ಲೀನ್ ಬ್ಯಾಕ್' ಹಾಡಿನಿಂದ ಅಮೆರಿಕದ ಪಟ್ಟಿಯ ತುದಿಗೆ ಹೋಯಿತು. ಮಗ ಕ್ರಿಸ್ ರಿವರ್ಸ್ ಕೂಡ ರ‍್ಯಾಪರ್ ಆದ. ಟ್ಯಾಟ್ಸ್ ಕ್ರೂ ಕಲಾವಿದರು ಬ್ರಾಂಕ್ಸ್‌ನ ಗೋಡೆಯ ಮೇಲೆ ಪನ್‌ನ ಚಿತ್ರ ಬರೆದರು. 2021ರಲ್ಲಿ ಫೋರ್ಡಮ್ ರಸ್ತೆ ಮತ್ತು ಗ್ರ್ಯಾಂಡ್ ಕಾನ್‌ಕೋರ್ಸ್ ಸೇರುವ ಜಾಗಕ್ಕೆ ಬಿಗ್ ಪನ್ ಪ್ಲಾಜಾ ಅಂತ ಹೆಸರಿಟ್ಟರು.

ಕೇಳಬೇಕು ಅನ್ನಿಸಿದರೆ 'ಟ್ವಿನ್ಸ್'ನಿಂದ ಶುರುಮಾಡಿ. ಮಕ್ಕಳು ಪಕ್ಕದಲ್ಲಿ ಇಲ್ಲದಾಗ ಹಾಕಿಕೊಳ್ಳಿ, ಬೈಗುಳ ಜಾಸ್ತಿ. ಮೊದಲ ಸಲ ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ, ಆತ ಉಸಿರು ಎಲ್ಲಿ ತಗೊಂಡ ಅಂತ ಹುಡುಕಿ ನೋಡಿ. ನಮಸ್ಕಾರ.