ದುಡಿಯುವ ಮಾಂಸಖಂಡ ರಕ್ತಕ್ಕೆ ಬಿಡುವುದೇನು?

ಕೇಳುಗರಿಗೆ ನಮಸ್ಕಾರ.

ಹಾರ್ಮೋನ್ ಅಂದ ಕೂಡಲೇ ಥೈರಾಯ್ಡ್ ನೆನಪಾಗುತ್ತದೆ, ಇನ್ಸುಲಿನ್ ನೆನಪಾಗುತ್ತದೆ. ತೊಡೆಯ ಮಾಂಸಖಂಡ ಯಾರಿಗೂ ನೆನಪಾಗುವುದಿಲ್ಲ. ಅದು ಇರುವುದು ನಡೆಯೋಕೆ, ಭಾರ ಎತ್ತೋಕೆ ಅಂದುಕೊಂಡಿರುತ್ತೇವೆ, ಅಲ್ವಾ?

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನಡೆದ ಒಂದು ಪ್ರಯೋಗ ಹೇಳುತ್ತೇನೆ. 6 ಮಂದಿ ಆರೋಗ್ಯವಂತ ಗಂಡಸರು. ಒಂದು ಕಾಲನ್ನು ಮಾತ್ರ ಮಂಡಿಯಿಂದ ಚಾಚುತ್ತಾ, ಮಡಚುತ್ತಾ ಇರಬೇಕು, 5 ಗಂಟೆ ಹೊತ್ತು. ಇನ್ನೊಂದು ಕಾಲು ಸುಮ್ನೆ ಇರಬೇಕು. ಎರಡೂ ಕಾಲಿಗೆ ಹೋಗುವ ರಕ್ತ, ಅಲ್ಲಿಂದ ವಾಪಸ್ ಬರುವ ರಕ್ತ, ಎರಡನ್ನೂ ಪರೀಕ್ಷಿಸಿದರು. ದುಡಿದ ಕಾಲಿನಿಂದ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತಿತ್ತು. ಸುಮ್ಮನಿದ್ದ ಕಾಲಿನಿಂದ ಇಲ್ಲ. ಇದು ಪ್ರಕಟವಾದದ್ದು 2000ದಲ್ಲಿ. ಆ ತಂಡದಲ್ಲಿದ್ದ ಡಾ. ಬೆಂಟೆ ಕ್ಲಾರ್ಲುಂಡ್ ಪೆಡರ್ಸನ್, ಮಾಂಸಖಂಡ ಬಿಡುವ ಇಂಥ ವಸ್ತುಗಳನ್ನು ಮುಂದೆ ಮಯೋಕೈನ್ ಎಂದು ಕರೆದರು.

ವೈದ್ಯರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಯಾಕೆ ಗೊತ್ತಾ? ಸೋಂಕು ತಗುಲಿದಾಗ, ಉರಿಯೂತ ಇದ್ದಾಗ ಏರುವುದೂ ಇದೇ ಪ್ರೋಟೀನ್. ಕಾಯಿಲೆಯ ಗುರುತು ಅಂತಲೇ ಅದಕ್ಕೆ ಹೆಸರು. ಆದರೆ ಸೋಂಕಿನಲ್ಲಿ ಅದರ ಜೊತೆ ಟಿಎನ್‌ಎಫ್ ಎಂಬ, ಉರಿಯೂತ ಹೆಚ್ಚಿಸುವ ವಸ್ತುವೂ ಏರುತ್ತದೆ. ವ್ಯಾಯಾಮದಲ್ಲಿ ಹಾಗಲ್ಲ. ಆಗ ಇದರ ಬೆನ್ನಿಗೇ ಉರಿಯೂತ ತಗ್ಗಿಸುವ ವಸ್ತುಗಳು ಬರುತ್ತವೆ. ಬೊಜ್ಜಿರುವವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಹಗಲೂ ರಾತ್ರಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ವ್ಯಾಯಾಮದಲ್ಲಿ ಸರ್ರನೆ ಏರಿ, ಕೆಲವು ಗಂಟೆಗಳಲ್ಲಿ ಇಳಿದುಬಿಡುತ್ತದೆ. ಈ ವ್ಯತ್ಯಾಸ ನನಗೆ ತುಂಬ ಮುಖ್ಯ ಅನಿಸುತ್ತದೆ. ರಕ್ತ ಪರೀಕ್ಷೆಯ ಒಂದು ಅಂಕಿ ನೋಡಿ ಒಳ್ಳೆಯದು, ಕೆಟ್ಟದ್ದು ಅನ್ನೋಕಾಗುವುದಿಲ್ಲ.

2019ರಲ್ಲಿ ಇನ್ನೊಂದು ವಿಷಯ ಹೊರಬಂತು. ಹೊಟ್ಟೆಯ ಬೊಜ್ಜಿದ್ದವರು 12 ವಾರ ಸೈಕಲ್ ತುಳಿದರು. ಒಳಗಿನ, ಅಂಗಾಂಗಗಳ ಸುತ್ತಲಿನ ಕೊಬ್ಬು ಕರಗಿತು. ಆದರೆ ಇಂಟರ್‌ಲ್ಯೂಕಿನ್-6ರ ಕೆಲಸ ತಡೆಯುವ ಔಷಧ ಪಡೆದವರಲ್ಲಿ ಕರಗಲಿಲ್ಲ. ಅವರೂ ಅಷ್ಟೇ ತುಳಿದಿದ್ದರು. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ದಾರಿ ಮಾಡುವುದು ಈ ಒಳಗಿನ ಕೊಬ್ಬೇ.

ಕ್ಯಾನ್ಸರ್ ವಿಷಯದಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು. ಚಕ್ರದಲ್ಲಿ ಓಡಿದ ಇಲಿಗಳಲ್ಲಿ ಗಡ್ಡೆ ಕಡಿಮೆ ಬೆಳೆಯಿತು. ರೋಗದ ವಿರುದ್ಧ ಹೋರಾಡುವ ಜೀವಕೋಶಗಳು ಗಡ್ಡೆಯೊಳಕ್ಕೆ ಹೋಗೋಕೆ ಅಡ್ರಿನಲಿನ್ ಎಂಬ ಹಾರ್ಮೋನ್ ಜೊತೆ ಇಂಟರ್‌ಲ್ಯೂಕಿನ್-6 ನೆರವಾಗಿತ್ತು. ಆದರೆ ಇಲಿ ಮನುಷ್ಯನಲ್ಲ. ಮನುಷ್ಯರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿದವರು 3 ವರ್ಷ ಕ್ರಮವಾಗಿ ವ್ಯಾಯಾಮ ಮಾಡಿದಾಗ ರೋಗ ಮರುಕಳಿಸುವುದು ಕಡಿಮೆಯಾಯಿತು ಎಂದು 2025ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಮಯೋಕೈನ್‌ಗಳ ಪಾಲೆಷ್ಟು ಎಂದು ಆ ಅಧ್ಯಯನ ಹೇಳುವುದಿಲ್ಲ. ವ್ಯಾಯಾಮ ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗಲ್ಲ.

ಖಂಡಗಳಿಗೆ ಕೆಲಸ ತಪ್ಪಿದರೆ? ಅದನ್ನೂ ಕೋಪನ್‌ಹೇಗನ್‌ನವರೇ ನೋಡಿದ್ದಾರೆ. ದಿನಕ್ಕೆ ಸುಮಾರು 10,000 ಹೆಜ್ಜೆ ಹಾಕುತ್ತಿದ್ದ ಯುವಕರು 2 ವಾರ 1,500ರ ಆಸುಪಾಸಿಗೆ ಇಳಿಸಿದರು. ಅಷ್ಟರಲ್ಲೇ ಇನ್ಸುಲಿನ್‌ಗೆ ಅವರ ದೇಹ ಸರಿಯಾಗಿ ಸ್ಪಂದಿಸದಾಯಿತು, ಕಾಲಿನ ಖಂಡ ಕರಗಿತು. ಆರೋಗ್ಯವಂತ ಯುವಕರ ಪಾಡೇ ಇದು. ವಯಸ್ಸಾದವರು ಕಾಯಿಲೆಯಿಂದ ಮಲಗಿದ್ದರೆ ನಷ್ಟ ಇನ್ನೂ ಬೇಗ. ಆದ್ದರಿಂದ ಮನೆಯವರಲ್ಲಿ ನನ್ನದೊಂದು ವಿನಂತಿ. ಎದ್ದು ನಡೆಸಿ ಎಂದು ವೈದ್ಯರು ಹೇಳಿದ ಮೇಲೆ, ಪಾಪ ಮಲಗಿರಲಿ ಬಿಡಿ ಅನ್ನಬೇಡಿ. ಕೈ ಹಿಡಿದು ಬಾಗಿಲವರೆಗಾದರೂ ನಡೆಸಿ. ನಾಳೆ ಇನ್ನೆರಡು ಹೆಜ್ಜೆ ಜಾಸ್ತಿ.

ನಮಸ್ಕಾರ.